ಅಘನಾಶಿನಿಯ ಕೆಸರಿನಲ್ಲಿ ಬಳಚಿನ ಬೇಟೆ!

ಕಡಲು ಅಂದ ಕೂಡಲೇ ನಮ್ಮ ಸಿನಿಮಾ ಮಂದಿಗೆ ನೆನಪಾಗೋದು ಒಂದೇ... ಡ್ಯೂಯೆಟ್ಟು! ಹೀರೋ ಬಿಳಿ ಪ್ಯಾಂಟು ಮಡಚಿಕೊಂಡು ಅಲೆಗಳ ಮೇಲೆ ಓಡುತ್ತಾನೆ. ಹೀರೋಯಿನ್ ಸೆರಗು ಗಾಳಿಗೆ ಹಾರುತ್ತೆ. ಕ್ಯಾಮರಾ ಮೆಲ್ಲಗೆ ಮೇಲೇರಿ ಸೂರ್ಯ ಮುಳುಗೋದನ್ನ ತೋರಿಸುತ್ತೆ. ಕಟ್! ಪ್ಯಾಕಪ್!

ಆ ಕ್ಯಾಮರಾ ಒಂದೇ ಒಂದು ಸಲ ಬೀಚಿಗೆ ಬೆನ್ನು ಹಾಕಿ, ನದಿ ಬಂದು ಸಮುದ್ರ ಸೇರುವ ಕೆಸರಿನ ಕಡೆ ತಿರುಗಿದ್ದರೆ? ಅಲ್ಲಿ ಬೆಳಕು ಹರಿಯುವ ಮೊದಲೇ ಹೆಂಗಸರು ಸೀರೆ ಎತ್ತಿ ಕಟ್ಟಿ, ಸೊಂಟ ಬಗ್ಗಿಸಿ, ಮೊಣಕಾಲುದ್ದ ಹೂತುಹೋದ ಕಾಲನ್ನು ಒಂದೊಂದಾಗಿ ಕಿತ್ತಿಡುತ್ತಾ ಏನನ್ನೋ ಹುಡುಕುತ್ತಿರುತ್ತಾರೆ. ಹಿನ್ನೆಲೆ ಸಂಗೀತ ಇಲ್ಲ. ಇರೋದು ಕೆಸರಿನ 'ಪಚಕ್ ಪಚಕ್' ಸದ್ದು, ಬುಟ್ಟಿಗೆ ಬಿದ್ದ ಚಿಪ್ಪಿನ 'ಟಣ್' ಅನ್ನುವ ಸದ್ದು, ಅಷ್ಟೇ.

ಮಲೆಯಾಳದವರು ನಮಗಿಂತ ಜಾಣರು ಬಿಡಿ. 1965ರಲ್ಲೇ ರಾಮು ಕಾರಿಯಾಟ್ ಅವರು 'ಚೆಮ್ಮೀನ್' ತೆಗೆದು ದಕ್ಷಿಣ ಭಾರತಕ್ಕೆ ಮೊಟ್ಟಮೊದಲ ರಾಷ್ಟ್ರಪತಿ ಸ್ವರ್ಣಪದಕ ತಂದರು. ಚೆಮ್ಮೀನ್ ಅಂದ್ರೆ ಸಿಗಡಿ. ಸಿಗಡಿಗೂ ಒಂದು ಸಿನಿಮಾ ಸಿಕ್ಕಿತು! ನಮ್ಮ ಬಳಚಿಗೆ ಮಾತ್ರ ಇನ್ನೂ ಯಾರೂ ಕ್ಲ್ಯಾಪ್ ಹೊಡೆದಿಲ್ಲ.

'ಬಳಚು ಅಂದ್ರೆ ಏನ್ಲೇ?' ಅಂತ ನಮ್ಮ ಕುಷ್ಟಗಿ, ಯಲಬುರ್ಗಾ ಕಡೆಯ ಗೆಳೆಯರು ಕೇಳೇ ಕೇಳ್ತೀರಿ. ಹೇಳ್ತೀನಿ. ನಮ್ಮ ಕಡೆ ಸಿಂಪಿ ಅಂತೀವಲ್ಲ, ಮುನಿರಾಬಾದಿನ ಹಿನ್ನೀರು ಇಳಿದಾಗ ದಂಡೆಯ ಮೇಲೆ ಸಿಗುತ್ತಲ್ಲ, ಕಲ್ಲಿಗೆ ತಿಕ್ಕಿ ತೂತು ಮಾಡಿ ಮಾವಿನಕಾಯಿ ಸಿಪ್ಪೆ ಹೆರೀತಿದ್ದೆವಲ್ಲ... ಅದರ ಕಡಲಿನ ತಮ್ಮ. ಎರಡು ಚಿಪ್ಪು, ನಡುವೆ ಒಂದು ಜೀವ. ಕುಮಟೆ ಕಡೆ ಬಳಚು ಅಂತಾರೆ, ಕೆಲವರ ಬಾಯಲ್ಲಿ ಬೆಳಚು. ಕೊಂಕಣಿಯವರಿಗೆ ತಿಸ್ರೆ. ಮಂಗಳೂರಿನ ತುಳುವರಿಗೆ ಮರುವಾಯಿ. ಹೆಸರು ಯಾವುದಾದರೇನು, ಸಾರು ಮಾಡಿದರೆ ಎಲ್ಲರೂ ತಟ್ಟೆ ನೆಕ್ಕುವವರೇ!

63 ನಂಬರಿನ ರೋಡು

ನಾನು ಪಿಯುಸಿ ಎರಡನೇ ವರ್ಷಕ್ಕೆ ಕಾಲೇಜಿಗೆ ಕೈ ಮುಗಿದು ಬಂದವನು. ಭೂಗೋಳ ಕಲಿತದ್ದು ಬಸ್ಸಿನ ಬೋರ್ಡು ಓದಿ. ಆದರೆ ಒಂದು ಸಂಗತಿ ಯಾವ ಮೇಷ್ಟ್ರೂ ನನಗೆ ಹೇಳಿರಲಿಲ್ಲ. ಕೊಪ್ಪಳದ ಮುಂದೆ ಹಾದುಹೋಗುತ್ತಲ್ಲ ಆ ಹೆದ್ದಾರಿ, ಅದರ ಹಳೆಯ ನಂಬರು 63. ಆ ಕಡೆ ಹೊಸಪೇಟೆ, ಬಳ್ಳಾರಿ ದಾಟಿ ಆಂಧ್ರದ ಗುತ್ತಿಗೆ ಮುಟ್ಟುತ್ತಿತ್ತು. ಈ ಕಡೆ ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅಂಕೋಲೆಗೆ... ಅಂದ್ರೆ ಸೀದಾ ಸಮುದ್ರಕ್ಕೆ! ಈಗ ನಂಬರು ಬದಲಾಗಿ ತುಂಡು ತುಂಡಾಗಿದೆ. ರೋಡು ಮಾತ್ರ ಅದೇ. ಕೊಪ್ಪಳದ ಪೇರಲ ಹಣ್ಣಿನ ಗಾಡಿಯ ಪಕ್ಕದಲ್ಲಿ ನಿಂತು ಪಡುವಣಕ್ಕೆ ನಡೆಯುತ್ತಲೇ ಹೋದರೆ ಕೊನೆಗೆ ಕಾಲಿಗೆ ಉಪ್ಪುನೀರು ತಗಲುತ್ತೆ. ಸುಮಾರು ಇನ್ನೂರೈವತ್ತು ಕಿಲೋಮೀಟರು, ಅಷ್ಟೇ!

ಈ ರೋಡು ಹಿಡಿದು ನಮ್ಮ ಎಲ್ಲಾ ತಾಲೂಕಿನ ಜನ ವರ್ಷವಿಡೀ ಹೋಗುತ್ತಲೇ ಇರುತ್ತಾರೆ. ಬೀಚು ನೋಡೋಕಲ್ಲ, ದುಡಿಯೋಕೆ. ಗಂಗಾವತಿಗೆ ತುಂಗಭದ್ರೆಯ ಎಡದಂಡೆ ಕಾಲುವೆ ಇದೆ, ಭತ್ತ ಇದೆ, ರೈಸ್ ಮಿಲ್ಲು ಇದೆ. ಕುಷ್ಟಗಿ, ಯಲಬುರ್ಗಾದವರಿಗೆ ಮೋಡವೇ ಕಾಲುವೆ. ವರ್ಷಕ್ಕೆ ಆರುನೂರು ಮಿಲಿಮೀಟರು ಮಳೆ ಬಿದ್ದರೆ ಹಬ್ಬ. ಬೀಳದಿದ್ದರೆ ಗಂಟು ಮೂಟೆ ಕಟ್ಟಿ ಮಂಗಳೂರು, ಉಡುಪಿ, ಕಾರವಾರ, ಗೋವಾ... ಎಲ್ಲೆಲ್ಲಿ ರೋಡು, ಮನೆ, ಸೇತುವೆ ಕಟ್ಟುತ್ತಿದ್ದಾರೋ ಅಲ್ಲೆಲ್ಲಾ ನಮ್ಮ ಭಾಷೆ ಕೇಳುತ್ತೆ.

ಹಾಗೆ ಹೋದವನೊಬ್ಬ ನನ್ನ ಗೆಳೆಯ. ಕುಷ್ಟಗಿ ತಾಲೂಕಿನವನು. ಹೆಸರು, ಊರು ಬರೀಬೇಡ ಅಂದಿದ್ದಾನೆ. ಬರೆಯೋದಿಲ್ಲ. ಒಂದು ಕಾಲಕ್ಕೆ ನಾವಿಬ್ಬರೂ ಗಂಗಾವತಿಯಲ್ಲಿ ಸೆಕೆಂಡ್ ಶೋ ನೋಡಿ, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮಲಗಿ, ಬೆಳಗಿನ ಮೊದಲ ಬಸ್ಸಿಗೆ ಊರಿಗೆ ಮರಳಿದವರು. ಮೂರು ಏಕರೆ ಹೊಲದ ಬದುವಿನ ಜಗಳ ಕೋರ್ಟಿಗೆ ಹೋಯಿತು. ಹೊಲ ಬೀಳು ಬಿತ್ತು. ಅವನು ಕರಾವಳಿಯ ಹೆದ್ದಾರಿ ಅಗಲ ಮಾಡುವ ಕೆಲಸಕ್ಕೆ ಹೋದ. ರೋಡು ಮುಗಿದ ಮೇಲೂ ಅಲ್ಲೇ ಉಳಿದ. ಈಗ ಕುಮಟೆಯ ಹತ್ತಿರ ಬಾಡಿಗೆ ಕೋಣೆ, ಗೌಂಡಿ ಕೆಲಸ. ಹೆಂಡತಿಯೂ ದುಡಿಯುತ್ತಾಳೆ. ಮಗ ಮಾತ್ರ ಊರಲ್ಲಿ ಅಜ್ಜಿಯ ಹತ್ತಿರ, ಶಾಲೆಗೆ ಹೋಗುತ್ತಾನೆ.

'ಬಾರಲೇ, ಒಂದು ಮಜಾ ತೋರಸ್ತೀನಿ' ಅಂತ ಫೋನು ಮಾಡಿದ. ಹೊರಟೆ.

ದಾರಿ ಬಗ್ಗೆ ಹೆಚ್ಚು ಹೇಳೋದಿಲ್ಲ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಯಲ್ಲಾಪುರದಲ್ಲಿ ಚಹಾ ಕುಡಿದು, ಅರಬೈಲು ಘಾಟಿಯ ತಿರುವುಗಳಲ್ಲಿ ಹೊಟ್ಟೆ ಬಿಗಿಹಿಡಿದು ಇಳಿದೆ. ಅಂಕೋಲೆಯಿಂದ ಕುಮಟೆಗೆ ಬರುವಾಗ ಶಿರೂರಿನ ಗುಡ್ಡ ಎಡಕ್ಕೆ ಕಾಣುತ್ತೆ. 2024ರ ಜುಲೈ 16ರಂದು ಕುಸಿದು ರಸ್ತೆಯನ್ನೂ ಜನರನ್ನೂ ನದಿಗೆ ನೂಕಿದ ಗುಡ್ಡ. ಬಸ್ಸಿನಲ್ಲಿ ಮಾತಾಡುತ್ತಿದ್ದವರೆಲ್ಲ ಅಲ್ಲಿ ಒಂದು ನಿಮಿಷ ಸುಮ್ಮನಾದರು.

ಕಾಲೇ ಕಣ್ಣು

ಅಮಾಸೆ ಕಳೆದು ಮೂರನೇ ದಿನ. ಬೆಳಿಗ್ಗೆ ಏಳರ ಸುಮಾರಿಗೆ ಪೂರ್ತಿ ಇಳಿತ ಅಂತ ಲೆಕ್ಕ. ಐದೂವರೆಗೇ ನಾವು ಅಳಿವೆಯ ದಂಡೆಯ ಮೇಲಿದ್ದೆವು. ಅಳಿವೆ ಅಂದ್ರೆ ಹೊಳೆ ಕಡಲಿಗೆ ಬಾಯಿ ಕೊಡುವ ಜಾಗ. ಈ ಕಡೆ ಅಘನಾಶಿನಿ ಊರು, ಆ ಕಡೆ ತದಡಿ ಬಂದರು, ಒಳಕ್ಕೆ ಹೋದಂತೆ ಕಾಗಾಲ, ಮಿರ್ಜಾನ, ಹೆಗಡೆ, ಮಾಣಿಕಟ್ಟಾ, ದೀವಗಿ... ಹಾಸಿ ಬಿಟ್ಟ ಹಾಗೆ ನೀರು, ಕೆಸರು, ಕಾಂಡ್ಲಾ ಗಿಡ, ಉಪ್ಪುನೀರಿನಲ್ಲೂ ಬೆಳೆಯುವ 'ಕಗ್ಗ' ಭತ್ತದ ಗಜನಿ ಗದ್ದೆ.

ನಾನು ನೋಡನೋಡುತ್ತಿದ್ದಂತೆ ನೀರು ಹಿಂದಕ್ಕೆ ಸರಿಯಿತು. ಥಿಯೇಟರಿನಲ್ಲಿ ಪರದೆ ಮೆಲ್ಲಗೆ ಸರಿಯುತ್ತಲ್ಲ, ಹಾಗೆ! ಅರ್ಧ ಗಂಟೆಯ ಹಿಂದೆ ಹೊಳೆ ಇದ್ದ ಕಡೆ ಈಗ ಬಯಲು. ಬೂದು ಬಣ್ಣದ, ಹೊಳೆಯುವ, ಏಡಿಗಳು ಓಡಾಡುವ ಬಯಲು. ಸಮುದ್ರ ದಿನಕ್ಕೆ ಎರಡು ಸಲ ಏರುತ್ತೆ, ಎರಡು ಸಲ ಇಳಿಯುತ್ತೆ. ಪ್ರತಿದಿನ ಸುಮಾರು ಐವತ್ತು ನಿಮಿಷ ತಡ. ಹುಣ್ಣಿಮೆ ಅಮಾಸೆಯ ಆಸುಪಾಸು ಇಳಿತ ಜೋರು, ಬಯಲು ದೊಡ್ಡದು. ಅಷ್ಟಮಿಯ ಹೊತ್ತಿಗೆ ಸಣ್ಣದು. ಇಲ್ಲಿಯ ಹೆಂಗಸರಿಗೆ ಗಡಿಯಾರ ಬೇಡ, ಪಂಚಾಂಗವೂ ಬೇಡ. ಚಂದ್ರನ್ನ ನೋಡಿ 'ನಾಳೆ ಇಷ್ಟೊತ್ತಿಗೆ' ಅಂತಾರೆ.

ಗುಂಪಿನಲ್ಲಿ ಒಬ್ಬಳು ಹಿರಿಯಳು. ಅರವತ್ತು ದಾಟಿರಬೇಕು. ಹಲ್ಲು ನಾಲ್ಕೋ ಐದೋ, ಆದರೆ ಕೆಸರಿನಲ್ಲಿ ಅವಳ ನಡಿಗೆ ನೋಡಬೇಕಿತ್ತು... ಡಾನ್ಸ್ ಮಾಸ್ಟರುಗಳು ಬಂದು ಕಲಿಯಬೇಕು! ನಾನು ಎರಡು ಹೆಜ್ಜೆ ಇಡುವಷ್ಟರಲ್ಲಿ ತೊಡೆಯ ತನಕ ಹೂತು ನಿಂತಿದ್ದೆ. ಅವಳು ನಕ್ಕು ಕೈ ಕೊಟ್ಟು ಎಳೆದಳು.

'ತಮಾ, ಕಣ್ಣಲ್ಲಿ ಹುಡುಕೂದಲ್ಲ ಇದು. ಕಾಲಲ್ಲಿ ಹುಡುಕೂದು.'

ನಿಜ. ಅಂಗಾಲಿನಿಂದ ಕೆಸರನ್ನು ಮೆಲ್ಲಗೆ ಕಲಸುತ್ತಾ ಹೋಗಬೇಕು. ಮೆತ್ತಗಿನ ಮಣ್ಣಿನಲ್ಲಿ ಥಟ್ಟನೆ ಗೋಲಿಯಂಥದ್ದು ತಗಲುತ್ತೆ. ಅಲ್ಲೇ ಬಗ್ಗಿ ಬೆರಳು ಇಳಿಸಬೇಕು. ಕಲ್ಲಾದರೆ ತಣ್ಣಗೆ ಒರಟು. ಸತ್ತ ಚಿಪ್ಪಾದರೆ ಹಗುರ, ಬಾಯಿ ತೆರೆದಿರುತ್ತೆ. ಜೀವ ಇರುವ ಬಳಚು ಭಾರ, ನುಣುಪು, ಬಾಯಿ ಬಿಗಿ. ಮರಳು ಹೆಚ್ಚಿರುವ ಕಡೆ ಇನ್ನೊಂದು ಗುರುತು: ನೆಲದ ಮೇಲೆ ಅಕ್ಕಪಕ್ಕ ಎರಡು ಸಣ್ಣ ತೂತು. ಒಂದು ನೀರು ಎಳೆದುಕೊಳ್ಳೋಕೆ, ಇನ್ನೊಂದು ಬಿಡೋಕೆ. ಪಕ್ಕದಲ್ಲಿ ಕಾಲಿಟ್ಟರೆ 'ಚಿರ್ರ್' ಅಂತ ಪಿಚಕಾರಿ ಹೊಡೆದು ತಾನೇ ತನ್ನ ಅಡ್ರೆಸ್ಸು ಹೇಳಿಬಿಡುತ್ತೆ, ಪಾಪ! ಕೆಲವರ ಕೈಯಲ್ಲಿ ಸಣ್ಣ ಕತ್ತಿ, ಕೆಲವರ ಕೈಯಲ್ಲಿ ಏನೂ ಇಲ್ಲ. ಗಂಡಸರು ಪಾತಿದೋಣಿಯಲ್ಲಿ ಆಳಕ್ಕೆ ಹೋಗಿ ಮುಳುಗಿ ತೆಗೆಯುತ್ತಾರೆ. ಉಸಿರು ಕಟ್ಟಿ ಇಳಿದವನು ಮೇಲೆ ಬರುವಾಗ ಎರಡೂ ಮುಷ್ಟಿ ತುಂಬಿರುತ್ತೆ.

ಮೊದಲ ಬಳಚು ಸಿಕ್ಕಿದಾಗ, ಗೆಳೆಯರೇ, ನನಗೆ ಬಂದ ಖುಷಿ ಹೇಳತೀರದು. ಫಸ್ಟ್ ಡೇ ಫಸ್ಟ್ ಶೋ ಟಿಕೆಟ್ಟು ಕೈಗೆ ಬಂದ ಹಾಗೆ! ತ್ರಿಕೋನದ ಹಾಗೆ, ನುಣ್ಣಗೆ, ಹಳದಿ ಮಿಶ್ರಿತ ಬಿಳುಪು. ಆಮೇಲೆ ಗೆರೆಗೆರೆಯದೊಂದು, ಆಮೇಲೆ ಕಪ್ಪು ಒಂದು. ಒಂದೊಂದು ಜಾತಿಗೆ ಒಂದೊಂದು ಉಪ್ಪಿನ ಹದ. ಗೆರೆಯದಕ್ಕೆ ಸಮುದ್ರದ ಹತ್ತಿರದ ಗಟ್ಟಿ ಉಪ್ಪುನೀರು ಬೇಕು. ಕಪ್ಪು ಬಳಚಿಗೆ ಹೊಳೆಯ ಒಳಗಿನ ಸಪ್ಪೆ ನೀರು ಸಾಕು.

ನನ್ನ ಬುಟ್ಟಿಯ ಪಕ್ಕದಲ್ಲೇ ಗೆಳೆಯನ ಹೆಂಡತಿಯ ಬುಟ್ಟಿ. ನಾನು ಹತ್ತು ತೆಗೆಯುವಷ್ಟರಲ್ಲಿ ಅವಳು ನೂರು. ಎರಡು ವರ್ಷದ ಹಿಂದೆ ಸಮುದ್ರವನ್ನೇ ಕಂಡಿರದ, ಸಜ್ಜಿ ಹೊಲದಲ್ಲಿ ಕಳೆ ಕಿತ್ತು ಬೆಳೆದ ಹೆಣ್ಣುಮಗಳು! 'ಕಸಾ ತಗದಂಗs ಅಣ್ಣಾರ. ಬೇರು ಎಲ್ಲೈತಿ ಅಂತ ಕೈಗೆ ಗೊತ್ತಾಗತೈತಿ, ಇದೂ ಹಂಗs' ಅಂದಳು.

ಅಷ್ಟರಲ್ಲಿ ಹಿರಿಯಳು ಬಂದು ಅವಳ ಬುಟ್ಟಿಯಲ್ಲಿ ಕೈಯಾಡಿಸಿದಳು. ಉಗುರಿನಷ್ಟು ಸಣ್ಣವನ್ನು ಆರಿಸಿ ಆರಿಸಿ ವಾಪಸು ಕೆಸರಿಗೆ ಎಸೆದಳು. 'ಇದು ಬರೂ ವರ್ಷದ್ದು.' ಜೋರು ಮಾತಲ್ಲ, ಬೈಗುಳವೂ ಅಲ್ಲ. ಆದರೆ ಸುತ್ತಲಿದ್ದ ನಾಲ್ಕೈದು ಹೆಂಗಸರು ಬಗ್ಗಿದ ಸೊಂಟ ಎತ್ತದೆ ವಾರೆಗಣ್ಣಲ್ಲಿ ನೋಡಿದರು. ಆ ನೋಟ ನನಗೆ ಅರ್ಥವಾಗೋಕೆ ಸಂಜೆಯಾಯಿತು.

ಗೇಟಿಲ್ಲದ ಹೊಳೆ

ನಾವು ಗೇಟುಗಳ ನದಿಯವರು. ತುಂಗಭದ್ರಾ ಅಣೆಕಟ್ಟಿಗೆ 33 ಗೇಟು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಗಂಗಾವತಿಯ ರೈತರ ಎದೆ ಹೇಗೆ ಹೊಡಕೊಂಡಿತ್ತು ಅಂತ ನಿಮಗೆ ಗೊತ್ತು. ಅಘನಾಶಿನಿಗೆ ಅಂಥ ಒಂದು ಗೇಟೂ ಇಲ್ಲ! ಶಿರಸಿಯ ಹತ್ತಿರ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರು ಧುಮುಕಿ, ಕಾಡಿನ ಎಲೆ ಮಣ್ಣೆಲ್ಲ ಹೊತ್ತು ಸೀದಾ ಇಲ್ಲಿಗೆ ಬರುತ್ತೆ. ಅಘ ಅಂದ್ರೆ ಪಾಪ. ಪಾಪ ತೊಳೆಯುವವಳು ಅಂತ ಹೆಸರು. ಪಾಪದ ಕತೆ ನನಗೆ ಗೊತ್ತಿಲ್ಲ, ಬಳಚಿನ ಹೊಟ್ಟೆ ತುಂಬಿಸುವವಳು ಅನ್ನೋದಂತೂ ಗ್ಯಾರಂಟಿ. ಹೊಳೆ ತಂದ ಸತ್ವಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಹುಟ್ಟುತ್ತೆ. ಬಳಚು ಕೂತಲ್ಲೇ ಕೂತು ದಿನಕ್ಕೆ ಲೀಟರುಗಟ್ಟಲೆ ನೀರು ಸೋಸಿ ಆ ಪಾಚಿ ತಿನ್ನುತ್ತೆ. ಬೇಟೆಯಿಲ್ಲ, ಓಟವಿಲ್ಲ. ಊಟವೇ ಮನೆ ಬಾಗಿಲಿಗೆ ಬರುತ್ತೆ. ಬೇಸಿಗೆಯಲ್ಲಿ ಕಡಲಿನ ಉಪ್ಪು ಒಳಗೆ ಏರುತ್ತೆ. ಮಳೆಗಾಲದಲ್ಲಿ ಕೆಂಪು ಸಿಹಿನೀರು ನುಗ್ಗಿದಾಗ ಉಪ್ಪು ಬೇಕಾದ ಜಾತಿಗಳು ಬಹಳಷ್ಟು ಸಾಯುತ್ತವೆ. ಮಳೆ ನಿಂತು ಉಪ್ಪು ಮರಳಿದ ಮೇಲೆ ಹೊಸ ಮರಿ ನೆಲ ಹಿಡಿಯುತ್ತೆ. ಹೊಳೆಗೂ ಕಡಲಿಗೂ ನಡೆಯುವ ಈ ಜಗ್ಗಾಟದ ನಡುವೆಯೇ ಬಳಚಿನ ಬಾಳು.

2008ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಈ ಅಳಿವೆಯ ಲೆಕ್ಕ ತೆಗೆದರು. ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿ! ಆ ಕಾಲದ ಬೆಲೆಯಲ್ಲಿ ಐದೂಮುಕ್ಕಾಲು ಕೋಟಿ ರೂಪಾಯಿಯ ಹತ್ತಿರ. ನೇರವಾಗಿ ಅದನ್ನೇ ನಂಬಿದವರು 2,300ಕ್ಕೂ ಹೆಚ್ಚು ಜನ. ನಮ್ಮಲ್ಲಿ ಒಂದು ಸಿನಿಮಾ ಐದು ಕೋಟಿ ಮಾಡಿದರೆ ಕಟೌಟಿಗೆ ಹಾಲು ಎರೆಯುತ್ತೇವೆ. ಇಲ್ಲಿ ಬಂಡವಾಳ ಏನು? ಒಂದು ಬುಟ್ಟಿ, ಎರಡು ಕಾಲು!

ಬದು ಇಲ್ಲದ ಹೊಲ

ಒಂಬತ್ತರ ಹೊತ್ತಿಗೆ ನೀರು ಮರಳಿ ಬಂತು. ಮೊದಲು ಬೆರಳಷ್ಟು ಅಗಲದ ಗೆರೆ, ಆಮೇಲೆ ಅಂಗೈಯಷ್ಟು, ಆಮೇಲೆ ನಾವು ತೋಡಿದ ಗುಂಡಿ, ನಾವು ಬಿಟ್ಟ ಹೆಜ್ಜೆ, ಎಲ್ಲಾ ಮಾಯ. ಎಲ್ಲರೂ ದಂಡೆಗೆ ಬಂದು ಕೂತೆವು. ನಾನು ಗೆಳೆಯನನ್ನ ಕೇಳಿದೆ: 'ಈ ಜಾಗಾ ಯಾರದು?'

ಅವನು ನಕ್ಕ. 'ಅದನ್ನs ನಾನೂ ಮೊದಲನೇ ದಿನಾ ಕೇಳಿದ್ದೆ ನೋಡು. ಇಲ್ಲಿ ಬದು ಎಲ್ಲೈತಿ? ಕಲ್ಲು ಎಲ್ಲಿ ನೆಡತಾರು? ನೆಟ್ರ ಸಂಜೀಕs ನೀರು ಬಂದು ಮುಚ್ಚತೈತಿ.' ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದ: 'ಎರಡು ಮಳ ಬದುವಿಗೆ ನಮ್ಮಣ್ಣಗ ನನಗ ಮಾತಿಲ್ಲ. ಇಲ್ಲಿ ನೋಡು, ಗೊತ್ತು ಗುರಿ ಇಲ್ಲದ ನನ್ನ ಹೇಣತಿಗೆ ಆ ಮುದುಕಿ ಕೈ ಹಿಡದು ಕಲಿಸಿದಳು.'

ಕತೆ ಅಷ್ಟಕ್ಕೇ ಮುಗಿದಿದ್ದರೆ ಅದು ಹಳೆಯ ಸಿನಿಮಾದ ಹಾಗೆ ಇರುತ್ತಿತ್ತು, ಎಲ್ಲರೂ ಕೈ ಕೈ ಹಿಡಿದು ನಿಲ್ಲುವ ಕೊನೆಯ ಸೀನು. ಆದರೆ ಬೆಳಗಿನ ಆ ವಾರೆನೋಟ? ಸಂಜೆ ಕುಮಟೆಯ ಮೀನುಪೇಟೆಯಲ್ಲಿ ಬಳಚನ್ನು ಪಾಲು ಹಾಕಿ ಕೂತಿದ್ದ ಇನ್ನೊಬ್ಬ ಹೆಂಗಸು ನನಗೆ ಬಿಡಿಸಿ ಹೇಳಿದಳು. ಮೊದಲು ಬುಟ್ಟಿ ತುಂಬೋಕೆ ಒಂದು ತಾಸು ಸಾಕಿತ್ತಂತೆ. ಈಗ ಇಳಿತ ಪೂರ್ತಿ ಬಗ್ಗಿದರೂ ಕೆಲವು ದಿನ ತುಂಬೋದಿಲ್ಲ. 'ಜನ ಜಾಸ್ತಿ, ಬಳಚು ಕಮ್ಮಿ. ಹೊರಗಿನವರೂ ಬಂದ್ರು. ಬರೂದು ಬೇಡ ಹೇಳೂಕೆ ನಾವ್ಯಾರು? ಅವ್ರಿಗೂ ಹೊಟ್ಟೆ ಉಂಟು. ಆದ್ರೆ ಸಣ್ಣದು ಬಿಡ್ಬೇಕು. ನಾವು ಬಿಟ್ಟದ್ದು ಇನ್ನೊಬ್ರು ಹೆಕ್ಕಿದ್ರೆ, ನಾವ್ಯಾಕೆ ಬಿಡೂದು ಹೇಳಿ?'

ಆ ಪ್ರಶ್ನೆ ಸಣ್ಣದಲ್ಲ ಗೆಳೆಯರೇ. ಬದು ಇಲ್ಲದ ಹೊಲಕ್ಕೆ ಬೇಲಿ ಅಂದ್ರೆ ಆ ಮುದುಕಿಯ ಒಂದು ಮಾತು. 'ಇದು ಬರೂ ವರ್ಷದ್ದು' ಅನ್ನುವ ಮಾತು. ಚೀಲದ ಲೆಕ್ಕದಲ್ಲಿ ಕೊಳ್ಳುವ ವ್ಯಾಪಾರಿ ಸಣ್ಣದೂ ಇರಲಿ ದೊಡ್ಡದೂ ಇರಲಿ ಅಂದುಬಿಟ್ಟರೆ ಆ ಬೇಲಿ ಬಿತ್ತು! ಹೆಕ್ಕುವ ಕೈಗಳಿಗಿಂತ ದೊಡ್ಡ ಹಸಿವೂ ಇಲ್ಲಿ ಬಂದು ಹೋಗಿದೆ. ಅಳಿವೆಯ ತಳದಲ್ಲಿ ಕಾಲಾಂತರದಿಂದ ಅಡಗಿದ್ದ ಹಳೆಯ ಚಿಪ್ಪಿನ ಗುಡ್ಡೆಗಳನ್ನು ಸುಣ್ಣಕ್ಕೆ, ಕಾರ್ಖಾನೆಗೆ, ಕೋಳಿಯ ಆಹಾರಕ್ಕೆ ಅಂತ ಅಗೆದು ಸಾಗಿಸಿದ್ದಾರೆ. ತಳ ಕೆದಕಿದರೆ ಮರಿ ಎಲ್ಲಿ ಕೂರಬೇಕು? ಇಪ್ಪತ್ತು ವರ್ಷದ ಹಿಂದೆ ತದಡಿಗೆ 4,000 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರ ಬರುತ್ತೆ ಅಂತ ದೊಡ್ಡ ಸುದ್ದಿಯಾಗಿತ್ತು. ಊರ ಜನ ಬೀದಿಗೆ ಬಂದರು. ಸ್ಥಾವರ ಬರಲಿಲ್ಲ. ಬಂದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ ಬಿಡಿ.

ಕೇರಳದ ಕೊಲ್ಲಂ ಹತ್ತಿರದ ಅಷ್ಟಮುಡಿ ಹಿನ್ನೀರಿನವರು ಇದೇ ಗೆರೆ ಬಳಚಿಗೆ ಬೇರೆ ದಾರಿ ಹಿಡಿದರು. ಮರಿ ಬೆಳೆಯುವ ಡಿಸೆಂಬರಿನಿಂದ ಫೆಬ್ರವರಿಯ ತನಕ ಯಾರೂ ಮುಟ್ಟುವ ಹಾಗಿಲ್ಲ. ಬಲೆಯ ಕಣ್ಣು ಇಷ್ಟೇ ಇರಬೇಕು ಅಂತ ಅಳತೆ. 2014ರಲ್ಲಿ ಅವರ ಬಳಚಿಗೆ ಲಂಡನ್ನಿನ ಸಂಸ್ಥೆಯೊಂದರಿಂದ 'ಕೆಡಿಸದೆ ಹಿಡಿಯುವವರು' ಅನ್ನುವ ಸರ್ಟಿಫಿಕೇಟು ಬಂತು. ಭಾರತಕ್ಕೇ ಅದು ಮೊದಲನೆಯದು. ಮೂರು ತಿಂಗಳು ಕೈ ಕಟ್ಟಿ ಕೂರೋದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಆದರೆ ನನಗೆ ಕೇಳಿದರೆ, ಅಘನಾಶಿನಿಗೂ ಅಂಥದ್ದೊಂದು ಬೇಕು. ಅದನ್ನು ಬರೆಯುವ ಮೇಜಿನ ಮುಂದೆ ಆ ಹಲ್ಲಿಲ್ಲದ ಮುದುಕಿಗೂ ಒಂದು ಕುರ್ಚಿ ಬೇಕು!

ಇನ್ನೊಂದು ಸುದ್ದಿ, ನಮ್ಮ ಕಡೆಯವರಿಗೆ ಸಂಬಂಧಪಟ್ಟದ್ದು. 2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರು 'ರಾಮ್ಸಾರ್' ಪಟ್ಟಿಗೆ ಸೇರಿತು. 1971ರಲ್ಲಿ ಇರಾನಿನ ಆ ಊರಲ್ಲಿ ಆದ ಒಪ್ಪಂದ ಅದು, ಜಗತ್ತಿನ ಮುಖ್ಯ ಜೌಗು ನೆಲಗಳನ್ನು ಕಾಪಾಡೋದಕ್ಕೆ. ಅದೇ ದಿನ ಕರ್ನಾಟಕದಿಂದ ಇನ್ನೆರಡು ಹೆಸರೂ ಸೇರಿದವು. ಯಾವುವು ಗೊತ್ತೇ? ಗದಗ ಜಿಲ್ಲೆಯ ಮಾಗಡಿ ಕೆರೆ, ಹಗರಿಬೊಮ್ಮನಹಳ್ಳಿ ಕಡೆಯ ಅಂಕಸಮುದ್ರ! ಎರಡೂ ನಮ್ಮ ಕೊಪ್ಪಳದ ಆಚೀಚೆಯವೇ. ಕೆರೆಯ ಹೆಬ್ಬಾತಿಗೂ ಕಡಲಿನ ಬಳಚಿಗೂ ಒಂದೇ ಸಲ ಸನ್ಮಾನ.

ಉಪ್ಪು ಹಾಕಬ್ಯಾಡ್ರಿ

ಈಗ ಬರೋದು ಕ್ಲೈಮ್ಯಾಕ್ಸು... ಊಟ!

ತಂದ ಬಳಚನ್ನು ತಕ್ಷಣ ಬೇಯಿಸಿದರೆ ಹಲ್ಲಿಗೆ ಮರಳು ಸಿಗುತ್ತೆ. ಅಳಿವೆಯದೇ ಉಪ್ಪುನೀರಿನಲ್ಲಿ ಕೆಲವು ತಾಸು ಬಿಡಬೇಕು. ಅದು ನೀರು ಎಳೆದು ಬಿಟ್ಟು ತನ್ನ ಹೊಟ್ಟೆ ತಾನೇ ತೊಳಕೊಳ್ಳುತ್ತೆ. ಮೊದಲೇ ಬಾಯಿ ಬಿಟ್ಟು, ತಟ್ಟಿದರೂ ಮುಚ್ಚದ್ದನ್ನು ಎಸೆಯಬೇಕು. ಉಳಿದದ್ದನ್ನು ಪಾತ್ರೆಗೆ ಹಾಕಿ, ಒಂದು ಲೋಟ ನೀರು ಹಾಕಿ, ಮುಚ್ಚಿ ಒಲೆಯ ಮೇಲಿಟ್ಟರೆ ಐದಾರು ನಿಮಿಷಕ್ಕೆ ಒಳಗೆ 'ಟಕ್ ಟಕ್ ಟಕ್' ಅಂತ ಬಾಗಿಲು ತೆರೆಯುವ ಸದ್ದು. ಬೆಂದ ಮೇಲೂ ಬಾಯಿ ಬಿಡದ್ದು ಬೇಡ, ಅದೂ ಹೊರಕ್ಕೆ.

ಗೆಳೆಯನ ಕೋಣೆಯಲ್ಲಿ ಅವನ ಹೆಂಡತಿ ಮಾಡಿದ್ದು ಎರಡೂ ಸೀಮೆ ಬೆರೆತ ಅಡುಗೆ. ಹೆಂಗಸರಿಂದ ಕಲಿತ ಮಸಾಲೆ: ತೆಂಗಿನಕಾಯಿ, ಕೊತ್ತಂಬರಿ, ಒಣಮೆಣಸು, ಅರಿಸಿನ, ಹುಳಿಗೆ ಮುರುಗಲ ಸಿಪ್ಪೆ. ತವರಿನಿಂದ ತಂದದ್ದು: ಹುಚ್ಚೆಳ್ಳು ಪುಡಿ ಮತ್ತು ಖಾರದ ಕೈ! ನಾನು ಅಭ್ಯಾಸಬಲದಿಂದ ಉಪ್ಪಿನ ಡಬ್ಬಿಗೆ ಕೈ ಹಾಕಿದೆ.

'ಉಪ್ಪು ಹಾಕಬ್ಯಾಡ್ರಿ ಅಣ್ಣಾರ, ಅದು ಬರುವಾಗs ತಂದಿರತೈತಿ' ಅಂದಳು.

ನಿಜವಾಗಿಯೂ ತಂದಿತ್ತು. ಚಿಪ್ಪು ಬಿಡಿಸಿ ಬಾಯಿಗಿಟ್ಟರೆ ಮೊದಲು ಸಮುದ್ರದ ಉಪ್ಪು, ಆಮೇಲೆ ಒಂಚೂರು ಸಿಹಿ, ಕೊನೆಗೆ ನಮ್ಮೂರ ಖಾರ ಕಿವಿಗೆ ಏರುತ್ತೆ. ಮಾಂಸ ಮೆತ್ತಗೆ, ಆದರೆ ಹಲ್ಲಿಗೆ ಸ್ವಲ್ಪ ಎದುರು ನಿಲ್ಲುತ್ತೆ. ಪಕ್ಕದಲ್ಲಿ ಕಗ್ಗದ ಕೆಂಪಕ್ಕಿ ಅನ್ನ. ಮೂರು ಸಲ ಹಾಕಿಸಿಕೊಂಡೆ. ತಟ್ಟೆಯ ಪಕ್ಕ ಚಿಪ್ಪಿನ ಗುಡ್ಡ ಬೆಳೆಯುತ್ತಾ ಹೋಯಿತು.

ಊಟದ ನಡುವೆ ಊರಿಂದ ಫೋನು ಬಂತು. ಗೆಳೆಯನ ತಾಯಿ. 'ಏನ್ ಉಂಡಿ?' ಅಂತ ಕೇಳಿದ್ದು ನನಗೂ ಕೇಳಿಸಿತು. ಅವನು ನನ್ನ ಮುಖ ನೋಡಿ, 'ರೊಟ್ಟಿ, ಬದನಿಕಾಯಿ ಪಲ್ಯ' ಅಂದ. ಸೊಸೆ ಏನು ಮಾಡ್ತಾಳೆ ಅಂದದ್ದಕ್ಕೆ, 'ಗೇರುಬೀಜದ ಫ್ಯಾಕ್ಟರಿಗೆ ಹೋಗ್ತಾಳ' ಅಂದ. ಕೆಸರಲ್ಲಿ ಸಿಂಪಿ ಹೆಕ್ಕುತ್ತಾಳೆ, ಹೆಕ್ಕಿ ತಿನ್ನುತ್ತಾಳೆ ಅಂತ ಗೊತ್ತಾದರೆ ಊರಲ್ಲಿ ಆಡಿಕೊಳ್ಳುತ್ತಾರೆ, ಮಗನ್ನ ಶಾಲೆಯಲ್ಲಿ ಹಂಗಿಸುತ್ತಾರೆ ಅನ್ನೋದು ಅವನ ಅಂಜಿಕೆ. ಅವಳು ಒಲೆಯ ಕಡೆ ಮುಖ ಮಾಡಿ ಕೂತಿದ್ದವಳು ತಿರುಗದೆಯೇ ಹೇಳಿದಳು:

'ಅವನ ಫೀಸು ಕಟ್ಟಿದ್ದು ಯಾತರಾಗ ಅಂತ ಒಂದು ದಿನಾ ನಾನs ಹೇಳಾಕಿ. ನೀವು ಅಂಜಬ್ಯಾಡ್ರಿ.'

ಅವನು ಏನೂ ಮಾತಾಡಲಿಲ್ಲ. ಇನ್ನೊಂದು ಸವಟು ಸಾರು ಹಾಕಿಸಿಕೊಂಡ.

ಮರುದಿನ ನನ್ನ ಬಸ್ಸು ಹೊರಡುವ ಹೊತ್ತಿಗೆ ರಸ್ತೆಯ ಬದಿಯಲ್ಲಿ ಚೀಲಗಳು ಗಾಡಿ ಏರುತ್ತಿದ್ದವು. ಗೋವೆಗೆ ಹೋಗುವ ಮಾಲು. ಚೀಲದೊಳಗಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಗೆಳೆಯನ ಹೆಂಡತಿ ನಾಲ್ಕು ದೊಡ್ಡ ಚಿಪ್ಪು ತೊಳೆದು, ಕಲ್ಲಿಗೆ ತಿಕ್ಕಿ ತೂತು ಮಾಡಿ, ಕಾಗದದಲ್ಲಿ ಸುತ್ತಿ ಕೊಟ್ಟಿದ್ದಳು, ಮಗನಿಗೆ. ಮಾವಿನಕಾಯಿ ಕಾಲ ಹತ್ತಿರ ಬಂತಲ್ಲ. ಕುಷ್ಟಗಿಯಲ್ಲಿ ಇಳಿದು ತಲುಪಿಸಿದೆ. ಅಜ್ಜಿ ಬಿಡಿಸಿ ನೋಡಿದಳು, ಬೆಳಕಿಗೆ ಹಿಡಿದಳು. 'ನಮ್ಮ ಹೊಳಿ ಸಿಂಪಿಗಿಂತ ದಪ್ಪೈತಿ' ಅಂದಳು. ಎಲ್ಲಿಯದು ಅಂತ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೋಗಬೇಕು ಅನ್ನುವವರಿಗೆ ಎರಡು ಮಾತು. ಕೊಪ್ಪಳದಿಂದ ಹುಬ್ಬಳ್ಳಿ, ಅಲ್ಲಿಂದ ಅಂಕೋಲೆ ಮೇಲೆ ಕುಮಟೆಗೆ ಬಸ್ಸು ಸಿಗುತ್ತೆ. ಮಳೆಗಾಲದಲ್ಲಿ ಬೇಡವೇ ಬೇಡ. ನವೆಂಬರಿನಿಂದ ಮೇ ತಿಂಗಳೊಳಗೆ, ಹುಣ್ಣಿಮೆಗೋ ಅಮಾಸೆಗೋ ಹೊಂದಿಸಿಕೊಳ್ಳಿ. ಊರವರನ್ನು ಕೇಳದೆ ಕೆಸರಿಗೆ ಇಳಿಯಬೇಡಿ, ಅಳಿವೆಯ ಸೆಳೆತಕ್ಕೆ ಈಜುಗಾರ ಅನ್ನುವ ಮರ್ಯಾದೆ ಇಲ್ಲ. ನೀರು ತಿರುಗಿತು ಅಂದ ಕೂಡಲೇ ಸೆಲ್ಫಿ ಬಿಟ್ಟು ದಂಡೆಗೆ ಬನ್ನಿ. ನಿಮ್ಮ ಊಟಕ್ಕೆ ಬೇಕಾದಷ್ಟೇ ತೆಗೆಯಿರಿ, ಇಲ್ಲವೇ ಪೇಟೆಯಲ್ಲಿ ಆ ಹೆಂಗಸರ ಹತ್ತಿರ ಒಂದು ಪಾಲು ಕೊಳ್ಳಿ, ಚೌಕಾಸಿ ಮಾಡದೆ. ಸಣ್ಣದನ್ನು ಅಲ್ಲೇ ಬಿಡಿ. ಹಸಿಯಾಗಿ ತಿನ್ನಬೇಡಿ. ಗದ್ದಲ ಮಾಡುವ ಬಿಳಿ ಪ್ಯಾಂಟು ಮನೆಯಲ್ಲೇ ಇರಲಿ, ಹಳೇ ಚಡ್ಡಿ ಸಾಕು.